ಬಿಸಿ ತಾಗದ ಪಾದ

ವರ್ಷಕ್ಕೆರಡು ಸಲ ನನ್ನ ಪಾದಗಳಿಗೆ ಪರೀಕ್ಷೆ. ಶಾಲೆ ಮಕ್ಕಳಿಗೆ ಇರುತ್ತದಲ್ಲ, ಹಾಗೆ. ಹೀಗೆ ಹೇಳುತ್ತಿದ್ದವಳು ನನ್ನ ಹೆಂಡತಿ ಇಡಾಲಿನಾ.

"ಏಳು ಮಾರಾಯ, ಇವತ್ತು ನಿನ್ನ ಪಾದಗಳ ಪರೀಕ್ಷೆ. ಉಗುರು ಕತ್ತರಿಸಿದ್ಯೋ ಇಲ್ವೋ? ಆ ಆಸ್ಪತ್ರೆ ಹುಡುಗಿ ಸುಝೆತ್ ಮುಂದೆ ನನ್ನ ಮರ್ಯಾದೆ ತೆಗೀಬೇಡ."

"ಪಾದ ನನ್ನದು, ಮರ್ಯಾದೆ ನಿನ್ನದು ಹೇಗಾಗುತ್ತೆ?"

"ಕಾಲುಚೀಲ ಒಗೆಯೋಳು ನಾನಲ್ವಾ? ಹಾಗಾಗುತ್ತೆ."

ನಮ್ಮ ಮೀನುಗಾರರ ಊರು ಕಶೀನಾಸ್‌ನಿಂದ ಪೋರ್ತೊ ನಗರದ ಆಸ್ಪತ್ರೆಗೆ ಮೆಟ್ರೋದಲ್ಲಿ ಹೋಗುವ ದಾರಿಯುದ್ದಕ್ಕೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಮೀನುಪೇಟೆಯಲ್ಲಿ ಕೂಗಿ ಕೂಗಿ ಬೆಳೆದ ಗಂಟಲು. ಎದುರು ಸೀಟಿನವರು ಪೇಪರ್ ಮಡಚಿಟ್ಟು ನಮ್ಮ ಜಗಳ ಕೇಳುತ್ತಿದ್ದರು. ನನಗೆ ಭಯ ಆಗಬಾರದು ಅಂತ ಅವಳು ಮಾತಾಡುತ್ತಾಳೆ ಅಂತ ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಅಂತ ಅವಳಿಗೂ ಗೊತ್ತಿತ್ತು.

ನಮ್ಮ ಕಡೆ ಇದಕ್ಕೆ ಪುಟ್ಟಪಾದದ ಕಾಯಿಲೆ ಅನ್ನುತ್ತಾರೆ. ಹೆಸರು ಕೇಳಿದರೆ ತೊಟ್ಟಿಲ ಮಗುವಿಗೆ ಬರುವಂಥದ್ದು ಅನ್ನಿಸುತ್ತದೆ. ಆಸ್ಪತ್ರೆಯವರು ಅಮಿಲಾಯ್ಡ್ ಅನ್ನುತ್ತಾರೆ. ಲಿವರ್ ತಯಾರಿಸುವ ಒಂದು ಪ್ರೋಟೀನು ಹುಟ್ಟಿನಿಂದಲೇ ದೋಷದ್ದು. ಅದು ಮೈಯಲ್ಲಿ ಹರಿದಾಡಿ ನರಗಳ ನಡುವೆ ಕೆಸರಿನ ಹಾಗೆ ಕೂರುತ್ತದೆ. ಮೊದಲು ಸಾಯುವುದು ತೀರ ಸಣ್ಣ ನರಗಳು, ಬಿಸಿ, ತಂಪು, ನೋವು, ಬೆವರು ಇವನ್ನೆಲ್ಲ ನೋಡಿಕೊಳ್ಳುವಂಥವು. ದೊಡ್ಡ ನರಗಳು ಆಗಿನ್ನೂ ಗಟ್ಟಿಯಾಗಿರುತ್ತವೆ. ಮನುಷ್ಯ ನೆಟ್ಟಗೆ ನಡೆಯುತ್ತಾನೆ, ಡಾಕ್ಟರು ಮಂಡಿಗೆ ಸುತ್ತಿಗೆ ಬಡಿದರೆ ಕಾಲು ಎಗರುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಪಾದ ಮಾತ್ರ ಕೆಂಡ ಯಾವುದು ನೀರು ಯಾವುದು ಅನ್ನುವುದನ್ನು ಮರೆಯತೊಡಗಿರುತ್ತದೆ. ಆಮೇಲೆ ಹೊಟ್ಟೆ ಕೆಡುತ್ತದೆ, ಮೈ ಇಳಿಯುತ್ತದೆ, ಕಾಲು ಸೋಲುತ್ತದೆ. ನನ್ನ ಅಪ್ಪ ಕುರ್ಚಿಯಲ್ಲೇ ಸತ್ತ. ಕೊನೆಗೆ ನಾನೊಬ್ಬನೇ ಅವನನ್ನು ಎತ್ತಿ ಹಾಸಿಗೆಗೆ ಹಾಕುತ್ತಿದ್ದೆ, ಅಷ್ಟು ಹಗುರಾಗಿದ್ದ.

ನನ್ನ ಕಾಲದಲ್ಲಿ ಮಾತ್ರೆ ಬಂದಿತ್ತು. ಕಾಯಿಲೆ ಶುರುವಾದ ಹೊಸದರಲ್ಲೇ ನುಂಗಲು ಹತ್ತಿದೆ. ದೋಣಿ ಬಿಟ್ಟೆ, ದಡದಲ್ಲಿ ಕೂತು ಬಲೆ ರಿಪೇರಿ ಮಾಡಿ ಬದುಕಿದೆ. ಬದುಕಿದೆ ಅಂದರೆ ನಿಜವಾಗಿಯೂ ಬದುಕಿದೆ. ಮಗಳು ಮಫಾಲ್ಡಾ ಬೆಳೆದು ದೊಡ್ಡವಳಾಗುವುದನ್ನು ನೋಡಿದೆ. ಹದಿನೆಂಟು ತುಂಬಿದ ಮೇಲೆ ಅವಳೇ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಂಡಳು. ನನ್ನ ದೋಷ ಅವಳಿಗೆ ಹೋಗಿಲ್ಲ ಅಂತ ತಿಳಿದ ದಿನ ನಾನು ದೋಣಿ ಕಟ್ಟುವ ದಕ್ಕೆಯ ಗೋಡೆಗೆ ಒರಗಿ ನಿಂತು ಹೆಂಗಸಿನ ಹಾಗೆ ಅತ್ತೆ. ಇಡಾಲಿನಾ ಗಂಡಸಿನ ಹಾಗೆ ನನ್ನ ಬೆನ್ನಿಗೆ ಗುದ್ದಿದಳು.

ಒಂದು ವಿಷಯ ಹೇಳಲೇಬೇಕು. ಇಡಾಲಿನಾ ನನ್ನನ್ನು ಮದುವೆಯಾದಾಗ ನಮ್ಮದು ಕಾಯಿಲೆ ಮನೆ ಅಂತ ಊರಿಗೆಲ್ಲ ಗೊತ್ತಿತ್ತು. ಅವಳ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಅವಳ ಅಪ್ಪ ಅಬೀಲಿಯೊ, ತಾತ, ತಾತನ ಅಣ್ಣ, ಎಲ್ಲರೂ ಸಮುದ್ರದಲ್ಲೇ ಹೋದವರು. "ನಮ್ಮ ಮನೆ ಗಂಡಸರು ಹಾಸಿಗೆ ಹಿಡಿದು ಸಾಯೋದಿಲ್ಲ" ಅಂತ ಅವಳು ತಲೆಯೆತ್ತಿ ಹೇಳುತ್ತಿದ್ದಳು. ಅವಳ ಅಮ್ಮ ಫೆಲಿಸ್ಮಿನಾ ಈ ಮದುವೆ ಬೇಡ ಅಂತ ಮೂರು ದಿನ ಊಟ ಬಿಟ್ಟಿದ್ದರು. ಕಾರಣ ಹೇಳಲಿಲ್ಲ. ಹೇಳಬೇಕಾದ್ದೇನಿದೆ, ಎಲ್ಲರಿಗೂ ಅರ್ಥವಾಗಿತ್ತು. ಆರೋಗ್ಯದ ಹುಡುಗಿ ಗೊತ್ತಿದ್ದೂ ಗೊತ್ತಿದ್ದೂ ಇವನನ್ನು ಕಟ್ಟಿಕೊಂಡಳಲ್ಲ ಅಂತ ಪಾದ್ರಿಯೂ ಅಂದರು, ಮೀನಿನವರೂ ಅಂದರು. ಅಷ್ಟು ವರ್ಷ ನಾನು ಅವಳ ಮುಂದೆ ಸ್ವಲ್ಪ ತಗ್ಗಿಯೇ ನಡೆದೆ. ಅವಳು ಬೈದರೆ ತಿರುಗಿ ಬೈಯುತ್ತಿದ್ದೆ, ಆದರೆ ಒಳಗೆ ಕ್ಷಮೆ ಕೇಳುತ್ತಲೇ ಇದ್ದೆ.

ಅಂಥ ಒಂದು ಪರೀಕ್ಷೆಯ ದಿನ ಕೋಣೆಯಲ್ಲಿ ಯಂತ್ರ ನೋಡಿಕೊಳ್ಳುವ ಸುಝೆತ್ ಜೊತೆ ಡಾಕ್ಟರ್ ಕ್ಲಾರಿಸ್ ಕೂಡ ಇದ್ದರು. ನಾನು ಎರಡು ಲೋಹದ ತಟ್ಟೆಗಳ ಮೇಲೆ ಬರಿಗಾಲಲ್ಲಿ ನಿಂತು, ಇನ್ನೆರಡರ ಮೇಲೆ ಅಂಗೈಯಿಟ್ಟು ಬೆವರಿನ ಪರೀಕ್ಷೆ ಮುಗಿಸಿದ್ದೆ. ಮುಂದಿನದು ಬಿಸಿಯ ಪರೀಕ್ಷೆ. ಪಾದದ ಮೇಲ್ಭಾಗಕ್ಕೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಲೋಹದ ಚೌಕ ಬಿಲ್ಲೆ ಕಟ್ಟುತ್ತಾರೆ. ಅದು ನಿಧಾನವಾಗಿ ಬಿಸಿಯಾಗುತ್ತದೆ. ಬಿಸಿ ಅಂತ ಗೊತ್ತಾದ ಕ್ಷಣ ಕೈಯಲ್ಲಿರುವ ಗುಂಡಿ ಒತ್ತಬೇಕು. ಎಷ್ಟು ಬೇಗ ಒತ್ತುತ್ತೀವೋ ಅಷ್ಟು ಹೆಚ್ಚು ಸಣ್ಣ ನರಗಳು ಉಳಿದಿವೆ ಅಂತ ಲೆಕ್ಕ.

ಡಾಕ್ಟರ್ ಇಡಾಲಿನಾ ಕಡೆ ತಿರುಗಿದರು. "ಇಡಾಲಿನಾ ಅವ್ರೇ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಆರೋಗ್ಯವಾಗಿರೋರ ಪಾದನೂ ನಾವು ಅಳೀಬೇಕು, ಹೋಲಿಸಿ ನೋಡೋಕೆ. ರೋಗಿಗಳ ಗಂಡಂದಿರು, ಹೆಂಡತಿಯರು ಸಿಕ್ರೆ ಒಳ್ಳೇದು. ಒಂದೇ ಊರು, ಒಂದೇ ಊಟ, ಹೆಚ್ಚುಕಮ್ಮಿ ಒಂದೇ ವಯಸ್ಸು. ರಕ್ತ ಮಾತ್ರ ಬೇರೆ."

"ಅಷ್ಟೇ ತಾನೆ? ಬನ್ನಿ, ನೋಡ್ಕೊಳ್ಳಿ. ಇವನ ಪಾದ ನೋಡಿ ನೋಡಿ ನಿಮಗೂ ಬೇಜಾರಾಗಿರುತ್ತೆ."

"ನಿಮ್ಮ ತವರಿನಲ್ಲಿ ಯಾರಿಗಾದ್ರೂ ಈ ಕಾಯಿಲೆ?"

"ಇಲ್ಲಮ್ಮ. ನಮ್ಮೋರ್ನ ಸಮುದ್ರ ಒಯ್ಯುತ್ತೆ."

ಮಾಡಬೇಕಾದ್ದನ್ನೆಲ್ಲ ಡಾಕ್ಟರ್ ವಿವರಿಸಿದರು, ಒಪ್ಪಿಗೆ ಪಡೆದರು. ಇಡಾಲಿನಾ ಬೂಟು ಕಳಚಿ ರಾಣಿಯ ಹಾಗೆ ಕುರ್ಚಿಯಲ್ಲಿ ಕೂತಳು. ಸುಝೆತ್ ಬಿಲ್ಲೆ ಕಟ್ಟಿದಳು, ಗುಂಡಿ ಕೈಗೆ ಕೊಟ್ಟಳು.

"ನೋಡ್ಕೋ ಜಸಿಂತೊ, ಕಲ್ತ್ಕೋ" ಅಂದಳು ನನ್ನವಳು. "ಹೇಗೆ ಪಾಸಾಗೋದು ಅಂತ."

ಯಂತ್ರ ಸಣ್ಣಗೆ ಗುನುಗಿತು. ಇಡಾಲಿನಾ ಕಾದಳು. ನಾನೂ ಕಾದೆ. ಗೋಡೆಗೆ ಅಂಟಿಸಿದ್ದ ಚಿತ್ರದ ಬಗ್ಗೆ ಏನೋ ಹೇಳಿದಳು, ಮಫಾಲ್ಡಾಗೆ ಫೋನ್ ಮಾಡಬೇಕು ಅಂದಳು. ಆಮೇಲೆ ಸುಝೆತ್ ಮುಖ ನೋಡಿ, "ಶುರು ಮಾಡು ಮಗಳೇ, ನನಗೆ ಮೀನಂಗಡಿ ಕಡೆ ಹೋಗೋದಿದೆ" ಅಂದಳು.

ಪರದೆಯ ಮೇಲೆ ಗೆರೆಯೊಂದು ಏರುತ್ತಲೇ ಇತ್ತು. ಪ್ರತಿ ಸಲವೂ ನೋಡುವ ನನಗೆ ಆ ಗೆರೆಯ ಭಾಷೆ ಗೊತ್ತು. ಅದು ನಾನು ಒತ್ತುವ ಜಾಗ ದಾಟಿತು. ದಾಟಿ ಇನ್ನೂ ಮೇಲೆ ಹೋಯಿತು. ಚರ್ಮ ಸುಡಬಾರದು ಅಂತ ಯಂತ್ರಕ್ಕೆ ಒಂದು ಮಿತಿ ಇಟ್ಟಿರುತ್ತಾರೆ. ಅಲ್ಲಿಗೆ ಮುಟ್ಟಿ ಅದು ತಾನಾಗಿ ಪೀಪ್ ಅಂತ ನಿಂತಿತು.

"ಏನದು ಸದ್ದು? ಈಗ ಶುರುವಾಯ್ತಾ?" ಅಂತ ಕೇಳಿದಳು ಇಡಾಲಿನಾ.



"ಯಂತ್ರ ಕೆಟ್ಟಿದೆ" ಅಂದೆ. ನನ್ನ ಧ್ವನಿ ನನಗೇ ದೊಡ್ಡದಾಗಿ ಕೇಳಿಸಿತು. "ಸುಝೆತ್, ಕೆಟ್ಟಿದೆ ಅದು. ನನ್ನ ಕಾಲಿಗೆ ಕಟ್ಟಿ ನೋಡು."

ಸುಝೆತ್ ಡಾಕ್ಟರ್ ಮುಖ ನೋಡಿದಳು. ಡಾಕ್ಟರ್ ತಲೆಯಾಡಿಸಿದರು. ಬಿಲ್ಲೆ ನನ್ನ ಪಾದಕ್ಕೆ ಬಂತು. ಗುನುಗಿತು. ಗೆರೆ ಏರಿತು. ಬಿಸಿ ಬಂತು, ದೂರದಲ್ಲಿ ಯಾರೋ ಬಾಗಿಲು ತೆರೆದ ಹಾಗೆ, ಮಂದವಾಗಿ. ಆದರೆ ಬಂತು. ಒತ್ತಿದೆ.

ಒತ್ತಬಾರದಿತ್ತು ಅನ್ನಿಸಿತು. ಆ ಗುಂಡಿಯನ್ನು ಕಿತ್ತು ಎಸೆಯಬೇಕು ಅನ್ನಿಸಿತು. ಕಾಯಿಲೆಯವನು ನಾನು, ನನಗೆ ಗೊತ್ತಾಯಿತು. ಅವಳಿಗೆ ಗೊತ್ತಾಗಿರಲಿಲ್ಲ.

ಇಡಾಲಿನಾ ಬಗ್ಗಿ ತನ್ನ ಪಾದ ನೋಡಿಕೊಂಡಳು. ಬಿಲ್ಲೆ ಕೂತಿದ್ದ ಜಾಗದಲ್ಲಿ ಚೌಕಾಕಾರದ ಕೆಂಪು ಮೂಡಿತ್ತು. ಅದನ್ನು ಬೆರಳಿನಿಂದ ಮುಟ್ಟಿದಳು. ಬೆರಳಿಗೆ ಬಿಸಿ ತಾಗಿರಬೇಕು, ಬೆರಳನ್ನು ಹಿಂದಕ್ಕೆಳೆದುಕೊಂಡಳು. ಮತ್ತೆ ಮುಟ್ಟಿದಳು.

"ಇದು ನನ್ನ ಕಾಲೇನಾ?" ಅಂದಳು.

ಆಮೇಲೆ ಡಾಕ್ಟರ್ ಕಡೆ ತಲೆಯೆತ್ತಿದಳು.

"ಐಸ್ ಮೇಲೆ ನಿಂತು ನಿಂತು ಹೀಗಾಗಿದೆ ಡಾಕ್ಟ್ರೇ. ಹುಟ್ಟಿದಾಗಿಂದ ಮೀನುಪೇಟೇಲಿ ರಬ್ಬರ್ ಬೂಟು ಹಾಕ್ಕೊಂಡು ನಿಂತಿದೀನಿ. ಮರಗಟ್ಟಿದೆ, ಅಷ್ಟೇ."

"ಇರಬಹುದು" ಅಂದರು ಡಾಕ್ಟರ್ ಕ್ಲಾರಿಸ್. ಒಂದು ಸ್ಟೂಲ್ ಎಳೆದುಕೊಂಡು ಅವಳ ಮುಂದೆ ಕೂತರು. "ಬೇರೆ ಕಾರಣಾನೂ ಇರಬಹುದು. ಸಕ್ಕರೆ ಕಾಯಿಲೆ, ವಿಟಮಿನ್ ಕೊರತೆ, ಎಷ್ಟೋ ಇವೆ. ಒಂದು ಯಂತ್ರದ ಮಾತು ಕೇಳಿ ನಾನು ಏನೂ ಹೇಳಲ್ಲ. ಊಟ ಸೇರುತ್ತಾ? ಮೈ ಇಳಿದಿದೆಯಾ?"

"ಇಳಿದಿದ್ರೆ ಒಳ್ಳೇದೇ ಅಲ್ವಾ" ಅಂತ ನಗಲು ಹೋದಳು. ನಗು ಅರ್ಧಕ್ಕೆ ನಿಂತಿತು. ನನ್ನ ಕಡೆ ತಿರುಗಿದಳು. ಹಿಂದಿನ ಚಳಿಗಾಲದಿಂದ ಸ್ಕರ್ಟುಗಳನ್ನು ಒಳಗೆ ಹಿಡಿದು ಹೊಲಿಯುತ್ತಿದ್ದಳು. ಹೊಟ್ಟೆ ಸರಿಯಿಲ್ಲ ಅಂತ ಬೆಳಗಿನ ಕಾಫಿ ಬಿಟ್ಟಿದ್ದಳು. ಏಳುವಾಗ ತಲೆ ಸುತ್ತುತ್ತದೆ ಅಂತ ಮಂಚದ ಅಂಚು ಹಿಡಿದು ಕೂರುತ್ತಿದ್ದಳು. ಇದೆಲ್ಲ ನನ್ನ ಕಣ್ಣೆದುರೇ ನಡೆದಿತ್ತು. ನನ್ನ ಮೈಯಲ್ಲಿ ಇವೇ ಆಗಿದ್ದಾಗ ಒಂದೊಂದನ್ನೂ ಅವಳು ಕಂಡುಹಿಡಿದಿದ್ದಳು. ಅವಳ ಮೈಯಲ್ಲಿ ಆದಾಗ ಇಬ್ಬರಿಗೂ ಕಾಣಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲಿ ಕಾಯಿಲೆಯವನ ಜಾಗ ಒಂದೇ ಇತ್ತು, ಅದರಲ್ಲಿ ನಾನು ಕೂತಿದ್ದೆ.

ರಕ್ತ ತೆಗೆದರು. ಕಣಕಾಲಿನ ಮೇಲೆ ಮರಗಟ್ಟಿಸುವ ಮದ್ದು ಕೊಟ್ಟು, ಮಸೂರ್ ಬೇಳೆಯಷ್ಟು ಚರ್ಮ ತೆಗೆದರು. ಅದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಸಣ್ಣ ನರಗಳು ಎಷ್ಟು ಉಳಿದಿವೆ ಅಂತ ಎಣಿಸುತ್ತಾರೆ, ಆ ಕೆಸರು ಕೂತಿದೆಯಾ ಅಂತಲೂ ನೋಡುತ್ತಾರೆ. ಅಲ್ಲಿ ನನಗೆ ಇನ್ನೊಂದು ಯೋಚನೆ ಹೊಳೆಯಿತು.

"ಡಾಕ್ಟ್ರೇ, ಮಫಾಲ್ಡಾ? ನನ್ನಿಂದ ಬಂದಿಲ್ಲ ಅಂತ ಹೇಳಿದ್ರಿ. ಇವಳಿಂದ?"

ಡಾಕ್ಟರ್ ನನ್ನ ಕಡೆ ತಿರುಗಿದರು. "ನಿಮ್ಮ ಹೆಂಡತಿಗೆ ಕಾಯಿಲೆ ಇದೆ ಅಂತಲೇ ಇನ್ನೂ ಗೊತ್ತಿಲ್ಲ. ಇದ್ರೂ, ಈ ಕರಾವಳಿಯಲ್ಲಿ ಸಾಮಾನ್ಯವಾಗಿ ಕಾಣೋ ದೋಷ ಒಂದೇ, ನಿಮ್ಮದು ಅದೇ. ಮಗಳ ರಕ್ತದಲ್ಲಿ ಆ ದೋಷ ಇಲ್ವೇ ಇಲ್ಲ. ಅಪ್ಪನಿಂದ ಬಂದ್ರೂ ಅಮ್ಮನಿಂದ ಬಂದ್ರೂ ಪರೀಕ್ಷೆಯಲ್ಲಿ ಕಾಣ್ತಿತ್ತು. ಆದ್ರೆ ಅಪರೂಪಕ್ಕೆ ಬೇರೆ ಥರದ ದೋಷಗಳೂ ಇರ್ತವೆ. ಅದಾಗಿದ್ರೆ ಮಗಳನ್ನ ಮತ್ತೆ ನೋಡ್ಬೇಕಾಗುತ್ತೆ."

ಮನೆಗೆ ಬರುವಾಗ ಮೆಟ್ರೋದಲ್ಲಿ ಇಡಾಲಿನಾ ಒಂದು ಮಾತೂ ಆಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ವಿಲಾ ದೊ ಕೊಂಡ್ ನಿಲ್ದಾಣ ದಾಟಿದ ಮೇಲೆ ನನ್ನ ಕೈ ಹಿಡಿದಳು. ಅವಳ ಕೈ ಹಿಡಿದು ಧೈರ್ಯ ಹೇಳುವುದು ಹೇಗೆ ಅಂತ ನನಗೆ ಅಭ್ಯಾಸವೇ ಇರಲಿಲ್ಲ.

ಮುಂದಿನ ಭಾನುವಾರ ಅತ್ತೆ ಮನೆಗೆ ಊಟಕ್ಕೆ ಹೋದೆವು. ಫೆಲಿಸ್ಮಿನಾ ಅತ್ತೆಗೆ ಎಂಬತ್ತರ ಹತ್ತಿರ ವಯಸ್ಸು. ಗಂಡ ಹೋದಾಗಿನಿಂದ ಕಪ್ಪು ಬಟ್ಟೆ ಬಿಟ್ಟು ಬೇರೆ ಉಟ್ಟವರಲ್ಲ. ಮೇಜಿನ ಮೇಲೆ ಸೊಪ್ಪಿನ ಸಾರು, ಮೆಕ್ಕೆಜೋಳದ ಬ್ರೆಡ್ಡು, ಹುರಿದ ಮೀನು. ಇಡಾಲಿನಾ ಚಮಚ ಕೈಗೆತ್ತಿಕೊಳ್ಳಲಿಲ್ಲ.

"ಅಮ್ಮ, ಆಸ್ಪತ್ರೇಲಿ ನನ್ನ ಕಾಲಿಗೆ ಬಿಸಿ ಇಟ್ರು. ನನಗೆ ಗೊತ್ತಾಗ್ಲಿಲ್ಲ."

ಅತ್ತೆ ಬ್ರೆಡ್ಡು ಮುರಿಯುತ್ತಿದ್ದರು. ಕೈ ನಿಂತಿತು. ಏನು, ಯಾಕೆ, ಯಾವ ಬಿಸಿ ಅಂತ ಕೇಳಲಿಲ್ಲ. ಸುದ್ದಿ ಕೇಳಿದವರ ಮುಖ ಅದಾಗಿರಲಿಲ್ಲ. ಬಾಗಿಲು ತಟ್ಟುತ್ತಾರೆ ಅಂತ ಬಹಳ ಕಾಲದಿಂದ ಕಾದಿದ್ದವರ ಮುಖ ಅದು.

"ಅಮ್ಮ, ನಿನಗೆ ಗೊತ್ತಿತ್ತು" ಅಂದಳು ಇಡಾಲಿನಾ.

"ಊಟ ಮಾಡು ಮಗಳೇ."

"ಅಪ್ಪನಿಗೆ ಇತ್ತು. ಹೌದಲ್ಲ? ಹೇಳು."

ಅತ್ತೆ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟರು. ಏಪ್ರನ್‌ಗೆ ಕೈ ಒರೆಸಿದರು, ಒರೆಸುತ್ತಲೇ ಇದ್ದರು. "ಕೊನೇ ಚಳಿಗಾಲ ಒಲೆ ಮುಂದೆ ಕಾಲು ಚಾಚಿ ಕೂತಿದ್ದ. ಉಣ್ಣೆ ಸುಟ್ಟ ವಾಸನೆ ಬಂತು. ಕಾಲುಚೀಲ ಹೊಗೆಯಾಡ್ತಿದೆ, ಅವನು ನನ್ನ ಜೊತೆ ನಗ್ತಾ ಮಾತಾಡ್ತಿದಾನೆ. ನಾನೇ ನೀರು ಸುರಿದೆ. 'ಯಾರಿಗೂ ಹೇಳ್ಬೇಡ' ಅಂದ. ಯಾವ ಮಾಲೀಕನೂ ದೋಣಿ ಹತ್ತಿಸಲ್ಲ ಅಂತ."

"ಅಲೆ ಬಂದು ಒಯ್ತು ಅಂದಿದ್ದೆ ನೀನು."

"ಅವತ್ತು ಅಲೆ ಇರ್ಲಿಲ್ಲ."

ಅತ್ತೆ ನಮ್ಮಿಬ್ಬರನ್ನೂ ನೋಡದೆ ಹೇಳಿದರು.

"ಬೇಸಿಗೆ. ನೀರು ಎಣ್ಣೆ ಥರ ಇತ್ತಂತೆ. ನನ್ನ ತಮ್ಮ ಅಡೆಲಿನೊ ಅದೇ ದೋಣೀಲಿದ್ದ, ಅವನೇ ಬಂದು ಹೇಳಿದ್ದು. ಅಷ್ಟಪಾದಿ ಹಿಡಿಯೋ ಮಡಿಕೆಗಳನ್ನ ಹಗ್ಗಕ್ಕೆ ಕಟ್ಟಿ ಒಂದೊಂದಾಗಿ ನೀರಿಗೆ ಬಿಡ್ತಿದ್ರು. ಸೆಕೆ ಅಂತ ಎಲ್ಲ ಬರಿಗಾಲು. ಹಗ್ಗದ ಸುರುಳಿ ಅಬೀಲಿಯೊ ಕಣಕಾಲಿಗೆ ಸುತ್ತಿಕೊಂಡಿತ್ತು. ಅವನು ನಿಂತು ಮಾತಾಡ್ತಾ ಇದ್ದ. ಹಗ್ಗ ಬಿಗೀತಾ ಇದೆ, ಚರ್ಮ ಕೊಯ್ದು ರಕ್ತ ಬರ್ತಾ ಇದೆ, ಇವನಿಗೆ ಗೊತ್ತಿಲ್ಲ. ಅಡೆಲಿನೊ 'ಕಾಲು, ಕಾಲು!' ಅಂತ ಕಿರುಚಿದ. ಅಬೀಲಿಯೊ ಬಗ್ಗಿ ನೋಡಿದ. ಅಷ್ಟರಲ್ಲಿ ಮಡಿಕೆಗಳ ಭಾರ ಎಳ್ಕೊಂಡು ಹೋಯ್ತು. ಹೋಗುವಾಗ ಅವನ ಮುಖದಲ್ಲಿ ಹೆದರಿಕೆ ಇರ್ಲಿಲ್ವಂತೆ. ಆಶ್ಚರ್ಯ ಇತ್ತಂತೆ."

ಇಡಾಲಿನಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ಅಲೆ ಅಂತ ಹೇಳು ಅಂತ ತಮ್ಮನ ಕಾಲು ಹಿಡ್ದೆ. ನೀನು ಆಗಿನ್ನೂ ಅಂಬೆಗಾಲು. ಕಾಯಿಲೆ ಮನೆ ಅಂದ್ರೆ ನಿನ್ನ ಯಾರು ಮದುವೆಯಾಗ್ತಾರೆ ಅಂದ್ಕೊಂಡೆ."

"ಮದುವೆ!" ಇಡಾಲಿನಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. "ನಾನು ಇವನನ್ನ ಕಟ್ಕೊಂಡೆ! ಕಾಯಿಲೆ ಇರೋನನ್ನೇ ಕಟ್ಕೊಂಡೆ! ಆಗಲಾದ್ರೂ ಬಾಯಿ ಬಿಡಬಾರದಿತ್ತಾ? ಮೂರು ದಿನ ಊಟ ಬಿಟ್ಟೆಯಲ್ಲ, ಒಂದು ಮಾತು ಆಡೋಕಾಗ್ಲಿಲ್ವಾ? ನನ್ನ ಹೊಟ್ಟೇಲಿ ಮಗು ಇದ್ದಾಗ? ಮಫಾಲ್ಡಾ ಹುಟ್ಟಿದಾಗ?"

"ಹೇಳ್ಬೇಕು ಅಂತ ಪ್ರತಿ ಸಲ ಬಾಯಿ ತೆಗೀತಿದ್ದೆ. ವರ್ಷ ಆದಷ್ಟೂ ಕಷ್ಟ ಆಗ್ತಾ ಹೋಯ್ತು ಮಗಳೇ. ನಿನಗೆ ನಲವತ್ತಾದ್ರೂ ಏನೂ ಆಗ್ಲಿಲ್ಲ. ದೇವರು ನನ್ನ ಮಗಳನ್ನ ಬಿಟ್ಟ ಅಂದ್ಕೊಂಡೆ."

ಇಡಾಲಿನಾ ಕೋಟು ತೆಗೆದುಕೊಂಡು ಹೊರಗೆ ಹೋದಳು. ನಾನು ಬಿದ್ದ ಕುರ್ಚಿ ಎತ್ತಿಟ್ಟೆ. ಅತ್ತೆ ಮುಟ್ಟದ ತಟ್ಟೆಗಳನ್ನು ನೋಡುತ್ತ, "ನೀನೂ ಹೋಗು ಮಗಾ, ಅವಳೊಬ್ಬಳೇ ಇದಾಳೆ" ಅಂದರು.

ಅವಳು ದಕ್ಕೆಯ ಗೋಡೆ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ. ಸಮುದ್ರ ಸದ್ದಿಲ್ಲದೆ ಬಿದ್ದಿತ್ತು. ಅವಳು ಅದನ್ನು ನೋಡುತ್ತಿರಲಿಲ್ಲ, ಬೆನ್ನು ಹಾಕಿ ಕೂತಿದ್ದಳು.

"ಚಿಕ್ಕವಳಿದ್ದಾಗಿಂದ ಆ ನೀರಿಗೆ ಉಗೀತಿದ್ದೆ ಜಸಿಂತೊ. ಅಪ್ಪನ್ನ ತಿಂದಿದ್ದು ಇದು ಅಂತ."

ನನ್ನ ಒಳಗೆ ಆಗ ಎದ್ದದ್ದು ಏನು ಅಂತ ಈಗಲೂ ಸರಿಯಾಗಿ ಹೇಳಲಾರೆ. ಅವಳಿಗಾಗಿ ಕರುಳು ಕಿತ್ತು ಬರುತ್ತಿತ್ತು. ಅದರ ಜೊತೆಗೇ ಸಿಟ್ಟು ಬಂತು, ಯಾರ ಮೇಲೆ ಅಂತ ತಿಳಿಯದ ಸಿಟ್ಟು.

"ಇಷ್ಟು ವರ್ಷ ನಿನ್ನ ಮುಂದೆ ಕಳ್ಳನ ಹಾಗೆ ಬದುಕಿದೀನಿ ಕಣೆ" ಅಂದೆ. "ನಿನ್ನ ಮನೆಗೆ ಕಾಯಿಲೆ ತಂದೋನು ನಾನು ಅಂತ. ಮಫಾಲ್ಡಾಗೆ ಜ್ವರ ಬಂದ್ರೂ ನನ್ನ ತಪ್ಪು ಅನ್ನಿಸ್ತಿತ್ತು. ರಾತ್ರಿ ನೀನು ಮಲಗಿದ ಮೇಲೆ ಕ್ಷಮಿಸು ಅಂತ ಹೇಳ್ತಿದ್ದೆ, ಗೊತ್ತಾ ನಿನಗೆ?"

"ಕೇಳಿಸ್ತಿತ್ತು."

"ಕೇಳಿಸ್ತಿತ್ತಾ?"

"ನೀನು ಪಿಸುಗುಟ್ಟಿದ್ರೆ ಪಕ್ಕದ ಮನೇಗೂ ಕೇಳುತ್ತೆ ಮಾರಾಯ. ಏನು ಹೇಳ್ಬೇಕೋ ತಿಳೀದೆ ನಿದ್ದೆ ಬಂದೋಳ ಹಾಗೆ ಮಲಗ್ತಿದ್ದೆ." ಅವಳು ತಲೆಯನ್ನು ನನ್ನ ಭುಜಕ್ಕೆ ಆನಿಸಿದಳು. "ಇನ್ನು ಮೇಲೆ ಕೇಳ್ಬೇಡ."

ಫಲಿತಾಂಶಕ್ಕೆ ಕಾದ ವಾರಗಳು ವಿಚಿತ್ರವಾಗಿದ್ದವು. ಮಫಾಲ್ಡಾಗೆ ವಿಷಯ ಹೇಳಿದಾಗ ಅವಳು ಅಮ್ಮನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ಕೂತಳು. ತನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಾವಿಬ್ಬರೇ ಅವಳ ಬಗ್ಗೆ ಯೋಚಿಸುತ್ತಿದ್ದೆವು. ಚರ್ಚಿಗೆ ಹೋಗಿ ಮೇಣದ ಬತ್ತಿ ಹಚ್ಚಿದೆವು. ಹೊರಗೆ ಬಂದು ನಾನು ಕೇಳಿದೆ, "ಏನು ಬೇಡ್ಕೊಂಡೆ?"

"ನಿನ್ನದೇ ಕಾಯಿಲೆ ಆಗಿರ್ಲಿ ಅಂತ. ಥೇಟ್ ನಿನ್ನದೇ" ಅಂದಳು. "ನೀನು?"

ನಾನೂ ಅದನ್ನೇ ಬೇಡಿಕೊಂಡಿದ್ದೆ. ಹೆಂಡತಿಗೆ ಕಾಯಿಲೆ ಇಲ್ಲದಿರಲಿ ಅಂತ ಬೇಡಲು ಧೈರ್ಯ ಸಾಲಲಿಲ್ಲ. ಆ ಕೆಂಪು ಚೌಕ ಕಣ್ಣಿಂದ ಹೋಗಿರಲಿಲ್ಲ. ಇರುವುದಾದರೆ ನನ್ನದೇ ಇರಲಿ, ಮಗಳು ಉಳಿಯಲಿ ಅಂತ ಬೇಡಿಕೊಂಡು ಬಂದಿದ್ದೆ. ಇಂಥ ಪ್ರಾರ್ಥನೆ ಆ ಚರ್ಚು ಹಿಂದೆ ಕೇಳಿತ್ತೋ ಇಲ್ಲವೋ.

ಡಾಕ್ಟರ್ ಕ್ಲಾರಿಸ್ ಕರೆಸಿದ ದಿನ ಇಬ್ಬರೂ ಕೈ ಹಿಡಿದುಕೊಂಡು ಕೂತೆವು. ಅವರು ಸುತ್ತಿ ಬಳಸಿ ಮಾತಾಡುವವರಲ್ಲ.

"ಚರ್ಮದಲ್ಲಿ ಸಣ್ಣ ನರಗಳು ಬಹಳ ಕಡಿಮೆ ಉಳಿದಿವೆ. ಅಮಿಲಾಯ್ಡ್ ಕೂತಿರೋದೂ ಕಾಣ್ತಿದೆ. ರಕ್ತದಲ್ಲಿ ದೋಷ ಸಿಕ್ಕಿದೆ." ಕಾಗದವನ್ನು ನಮ್ಮ ಕಡೆ ತಿರುಗಿಸಿದರು. "ಜಸಿಂತೊ ಅವರಿಗೆ ಇರೋದೇ. ಅದೇ ದೋಷ."

"ಅದೇನಾ?" ಅಂತ ಇಡಾಲಿನಾ ಕೂಗಿದಳು. "ಸರಿಯಾಗಿ ಹೇಳಿ ಡಾಕ್ಟ್ರೇ, ಅದೇನಾ?"

"ಅದೇ. ಮಫಾಲ್ಡಾಗೆ ಅದು ಇಲ್ಲ. ನಿಮ್ಮಿಬ್ಬರಿಂದಲೂ ಅವಳಿಗೆ ಬಂದಿಲ್ಲ."

ಇಡಾಲಿನಾ ಎದ್ದು ನನ್ನನ್ನು ಎಳೆದು ಅಪ್ಪಿಕೊಂಡಳು. ಇಬ್ಬರೂ ಅಳುತ್ತಿದ್ದೆವು, ನಗುತ್ತಲೂ ಇದ್ದೆವು. ಬಾಗಿಲಲ್ಲಿ ನಿಂತಿದ್ದ ಸುಝೆತ್ ಗಾಬರಿಯಿಂದ ಒಳಗೆ ಬಂದಳು. ಯಾವ ಸುದ್ದಿ ಕೇಳಿ ಈ ಗಂಡಹೆಂಡತಿ ಹೀಗೆ ಕುಣಿಯುತ್ತಿದ್ದಾರೆ ಅಂತ ಅವಳಿಗೆ ಅರ್ಥವಾಗಿರಲಿಕ್ಕಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇಡಾಲಿನಾ ಕುರ್ಚಿಯಲ್ಲಿ ಕುಸಿದಳು. ಆಗ ಅವಳಿಗೆ ಹೊಳೆದಿರಬೇಕು, ಸುದ್ದಿಯ ಇನ್ನರ್ಧ ತನ್ನದು ಅಂತ.

"ಹಾಗಾದ್ರೆ ನನಗೆ ಇದೆ" ಅಂದಳು, ಮೆಲ್ಲಗೆ.

"ಇದೆ" ಅಂದರು ಡಾಕ್ಟರ್. "ಆದ್ರೆ ಸಿಕ್ಕಿದೆ. ನಡೀತಾ ಇದೀರಿ, ಕೈಗಳು ಚೆನ್ನಾಗಿವೆ, ಹೃದಯಕ್ಕೆ ಇನ್ನೂ ಮುಟ್ಟಿಲ್ಲ. ಈಗ ಮೂರು ತಿಂಗಳಿಗೊಮ್ಮೆ ಕೊಡೋ ಚುಚ್ಚುಮದ್ದಿದೆ. ಹೋದ ನರ ವಾಪಸ್ ತರ್ತೀನಿ ಅಂತ ಹೇಳಲ್ಲ. ಇರೋದನ್ನ ಉಳಿಸ್ಕೊಳ್ಳೋಣ."

ಮೊದಲ ಚುಚ್ಚುಮದ್ದನ್ನು ಹೊಟ್ಟೆಗೆ ಕೊಟ್ಟರು. ಸೂಜಿ ತಾಗಿದಾಗ ಅವಳು ಮೀನುಪೇಟೆಯ ಬೈಗುಳವೊಂದನ್ನು ಬಾಯಿ ತುಂಬ ಬೈದಳು. ನರ್ಸು ಕ್ಷಮೆ ಕೇಳಿದರು. ಕ್ಷಮೆ ಯಾಕೆ, ನೋವಾಯಿತಲ್ಲ ಅಂತ ನನಗೆ ಸಂತೋಷವೇ ಆಗಿತ್ತು.

ಅಮ್ಮನ ಜೊತೆ ಮಾತ್ರ ಅವಳು ಮಾತು ಬಿಟ್ಟಿದ್ದಳು. ನಾನು ಒಬ್ಬನೇ ಹೋಗಿ ಬರುತ್ತಿದ್ದೆ, ಮೀನು ಕೊಟ್ಟು, ಸೌದೆ ಒಡೆದು. ಒಂದು ದಿನ ಹೋದಾಗ ಅತ್ತೆ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯವಳು ಹೇಳಿದಳು, "ಬೆಳಿಗ್ಗೇನೇ ಕೋಲು ಹಿಡ್ಕೊಂಡು ಹೊರಟ್ರು. ಎರ್ಮೆಲಿಂದಾ ಮನೆಗಂತೆ."

ಎರ್ಮೆಲಿಂದಾ ಅಬೀಲಿಯೊನ ತಂಗಿ. ಅಣ್ಣನ ಸಾವಿನ ನಂತರ ಎರಡೂ ಮನೆಗಳ ನಡುವೆ ಹೋಗಿಬರುವುದು ಕಡಿಮೆಯಾಗಿತ್ತು. ನಾನು ಓಡಿ ಹೋದಾಗ ಅತ್ತೆ ಆ ಮನೆಯ ಮೆಟ್ಟಿಲ ಕೆಳಗೆ, ಬೀದಿಯಲ್ಲಿ ನಿಂತಿದ್ದರು. ಬಾಗಿಲಲ್ಲಿ ಎರ್ಮೆಲಿಂದಾ ಕಿರುಚುತ್ತಿದ್ದಳು.

"ನನ್ನ ಅಣ್ಣ ಸಮುದ್ರದಲ್ಲಿ ಗಂಡಸಿನ ಹಾಗೆ ಸತ್ತ! ಮುದುಕಿಗೆ ಬುದ್ಧಿ ಕೆಟ್ಟಿದೆ! ನನ್ನ ಮೊಮ್ಮಗಳ ಮದುವೆ ಗೊತ್ತಾಗಿರೋ ಹೊತ್ತಲ್ಲಿ ಬಾಗಿಲಿಗೆ ಬಂದು ಕಾಯಿಲೆ ಕಾಯಿಲೆ ಅಂತಾಳೆ!"

ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು. ಅತ್ತೆ ತಲೆ ತಗ್ಗಿಸಲಿಲ್ಲ. "ಎರ್ಮೆಲಿಂದಾ, ನಾನೂ ಇದನ್ನೇ ಯೋಚ್ನೆ ಮಾಡಿದ್ದೆ, ಮದುವೆ ಅಂತ. ಮುಚ್ಚಿಟ್ಟೆ. ನನ್ನ ಮಗಳ ಕಾಲು ನೋಡು ಹೋಗು. ನಿನ್ನ ಮಕ್ಕಳ ಕಾಲು ನೋಡಿಸು. ನನ್ನನ್ನ ಬೈಕೋ, ಪರವಾಗಿಲ್ಲ."

ಬಾಗಿಲು ದಡಾರನೆ ಮುಚ್ಚಿಕೊಂಡಿತು. ನಾನು ಅತ್ತೆಯ ತೋಳು ಹಿಡಿದು ಮನೆಗೆ ಕರೆತಂದೆ. "ಅಬೀಲಿಯೊನ ಇನ್ನೂ ಇಬ್ಬರು ಅಣ್ಣತಮ್ಮಂದಿರ ಮನೆ ಇದೆ, ನಾಳೆ ಹೋಗ್ತೀನಿ" ಅಂದರು.

ಸಂಜೆ ಇಡಾಲಿನಾಗೆ ಇದನ್ನೆಲ್ಲ ಹೇಳಿದೆ. ಮರುದಿನ ಬೆಳಿಗ್ಗೆ ಅಂಗಡಿಗೆ ರಜೆ ಹಾಕಿ ಅಮ್ಮನ ಮನೆ ಬಾಗಿಲಲ್ಲಿ ನಿಂತಳು. "ಕೋಲು ತಗೋ, ಹೊರಡು. ಒಬ್ಬಳೇ ಹೋಗಿ ಬೀದೀಲಿ ಬೀಳ್ಬೇಡ" ಅಂದಳು. ಕ್ಷಮಿಸಿದಳು ಅಂತ ನಾನು ಹೇಳುವುದಿಲ್ಲ. ಕ್ಷಮಿಸಿಲ್ಲ ಅಂತ ಅವಳೇ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಆದರೆ ಅಮ್ಮನ ತೋಳು ಹಿಡಿದುಕೊಂಡೇ ಮನೆಮನೆಗೆ ಹೋದಳು.

ಮೊನ್ನೆ ಶನಿವಾರ ಎರ್ಮೆಲಿಂದಾಳ ದೊಡ್ಡ ಮಗ ವಾಲ್ದೆಮಾರ್ ನಮ್ಮ ಮನೆಗೆ ಬಂದ. ಸ್ವಂತ ದೋಣಿಯಿರುವವನು, ಬಾಗಿಲು ತುಂಬುವಂಥ ಮೈಯವನು. ಒಳಗೆ ಬಂದು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ. ಅತ್ತೆ ನಮ್ಮ ಮೇಜಿನ ಬಳಿ ಬಟಾಣಿ ಬಿಡಿಸುತ್ತಿದ್ದರು.

"ಅಮ್ಮಂಗೆ ಗೊತ್ತಿಲ್ಲ ನಾನು ಬಂದಿರೋದು" ಅಂದ. ಆಮೇಲೆ ನನ್ನನ್ನಲ್ಲ, ಇಡಾಲಿನಾಳನ್ನು ಕೇಳಿದ, "ಅಕ್ಕ, ಆ ಬಿಸಿ ಇಡೋ ಯಂತ್ರ. ಅದಕ್ಕೆ ಯಾರನ್ನ ಕೇಳ್ಬೇಕು?"

"ಯಾಕೋ? ಏನಾಗ್ತಿದೆ?"

ಅವನು ತಲೆ ತಗ್ಗಿಸಿ ತನ್ನ ಪಾದಗಳ ಕಡೆ ನೋಡಿಕೊಂಡ. ಅತ್ತೆ ಬಟಾಣಿಯ ಬಟ್ಟಲು ಪಕ್ಕಕ್ಕೆ ಸರಿಸಿ, ಅವನಿಗೆ ಕೂರಲು ಕುರ್ಚಿ ಎಳೆದರು. ಇಡಾಲಿನಾ ಆಸ್ಪತ್ರೆಯ ನಂಬರಿಗೆ ಫೋನ್ ಹಚ್ಚಿ, ಸುಝೆತ್ ದನಿ ಕೇಳಿಸಿದ ಕೂಡಲೇ ಅಂದಳು:

"ಮಗಳೇ, ನಾನು ಕಶೀನಾಸ್‌ನ ಇಡಾಲಿನಾ. ನಮ್ಮ ಮನೆಯಿಂದ ಇನ್ನೊಬ್ಬನ್ನ ಕರ್ಕೊಂಡು ಬರ್ತಿದೀನಿ."